ಶಿಲೀಂಧ್ರನಾಶಕದ ಅಲ್ಪ ಪ್ರಮಾಣವೂ ಉಪಕಾರಿ ಶಿಲೀಂಧ್ರಕ್ಕೆ ಮಾರಕ

ಕೃಷಿ ಪರಿಕರಗಳ ಮಳಿಗೆಗಳಲ್ಲಿ ರಾಸಾಯನಿಕ ಶಿಲೀಂಧ್ರನಾಶಕಗಳೂ ಟ್ರೈಕೊಡರ್ಮಾದಂತಹ ಜೈವಿಕ ಉತ್ಪನ್ನಗಳೂ ಅಕ್ಕಪಕ್ಕದಲ್ಲಿಯೇ ಮಾರಾಟವಾಗುತ್ತವೆ. ಶೇಂಗಾ ಬಿತ್ತನೆಯ ಕಾಲದಲ್ಲಿ ಇವೆರಡನ್ನೂ ಒಂದೇ ಬೀಜಕ್ಕೆ ಲೇಪಿಸುವ ರೈತರುಂಟು. ಆದರೆ ಬೇರು ಕೊಳೆಯನ್ನು ತಡೆಯುವ ಟ್ರೈಕೊಡರ್ಮಾ ಸಹ ಒಂದು ಜೀವಂತ ಶಿಲೀಂಧ್ರವೆಂಬುದನ್ನು ಮರೆಯುವಂತಿಲ್ಲ.

ಕಾರ್ಬೆಂಡಜಿಮ್ ಶಿಲೀಂಧ್ರದ ಜೀವಕೋಶದಲ್ಲಿರುವ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೋಶವಿಭಜನೆಯನ್ನು ತಡೆಯುತ್ತದೆ. ರೋಗಕಾರಕ ಯಾವುದು, ಉಪಕಾರಿ ಯಾವುದು ಎಂಬ ಭೇದ ಅದಕ್ಕಿಲ್ಲ. ಶೇ. 50ರ ಪುಡಿಯನ್ನು ಲೀಟರ್ ನೀರಿಗೆ 1 ಗ್ರಾಂನಂತೆ ಬೆರೆಸಿದಾಗ ಅದರಲ್ಲಿ 500 ಮಿಲಿಗ್ರಾಂ ಕಾರ್ಬೆಂಡಜಿಮ್ ಇರುತ್ತದೆ. ಇದರ ನೂರರಲ್ಲೊಂದು ಪಾಲು, ಅಂದರೆ ಲೀಟರಿಗೆ 5 ಮಿಲಿಗ್ರಾಂ ಇದ್ದರೂ, ಪ್ರಯೋಗಾಲಯದಲ್ಲಿ ಟ್ರೈಕೊಡರ್ಮಾದ ಅನೇಕ ತಳಿಗಳ ಬೆಳವಣಿಗೆ ಬಹುಮಟ್ಟಿಗೆ ಕುಂಠಿತವಾಗುತ್ತದೆ. ಆದ್ದರಿಂದ ಪ್ರಮಾಣ ಕಡಿಮೆ ಮಾಡಿದರೆ ಎರಡನ್ನೂ ಬೆರೆಸಬಹುದೆಂಬ ನಂಬಿಕೆಗೆ ಆಧಾರವಿಲ್ಲ.

ಬೇರುಗಳೊಡನೆ ಕೂಡಿ ಬಾಳುತ್ತ ಸಸ್ಯಕ್ಕೆ ರಂಜಕವನ್ನು ಒದಗಿಸುವ ಮೈಕೊರೈಜಾ ಶಿಲೀಂಧ್ರಗಳಿಗೂ ಇದೇ ಅಪಾಯವಿದೆ. ಮಣ್ಣಿನಲ್ಲಿ ಕಾರ್ಬೆಂಡಜಿಮ್ ಆಗಿ ಮಾರ್ಪಡುವ ಬೆನೊಮಿಲ್ ಅನ್ನು, ಮೈಕೊರೈಜಾವನ್ನು ಉದ್ದೇಶಪೂರ್ವಕವಾಗಿ ಹತ್ತಿಕ್ಕುವುದಕ್ಕೆಂದೇ ವಿಜ್ಞಾನಿಗಳು ಕ್ಷೇತ್ರಪ್ರಯೋಗಗಳಲ್ಲಿ ಬಳಸಿದ್ದಾರೆ.

ಎಲ್ಲ ಔಷಧಿಗಳೂ ಸಮಾನವಲ್ಲ. ಮೆಟಲಾಕ್ಸಿಲ್‌ನ ಗುರಿ ಫೈಟಾಪ್ತೊರಾ ಹಾಗೂ ಪಿಥಿಯಂ; ಇವು ನಿಜವಾದ ಶಿಲೀಂಧ್ರಗಳಲ್ಲದ ಕಾರಣ ಟ್ರೈಕೊಡರ್ಮಾಕ್ಕೆ ಅದರಿಂದ ಹಾನಿ ಅತ್ಯಲ್ಪ. ಮ್ಯಾಂಕೊಜೆಬ್ ಮತ್ತು ತಾಮ್ರದ ಆಕ್ಸಿಕ್ಲೋರೈಡ್‌ಗಳ ಪರಿಣಾಮವು ಪ್ರಮಾಣವನ್ನೂ ತಳಿಯನ್ನೂ ಅವಲಂಬಿಸಿದೆ. ಮೆಟಲಾಕ್ಸಿಲ್ ಅನೇಕ ವೇಳೆ ಮ್ಯಾಂಕೊಜೆಬ್‌ನೊಡನೆ ಬೆರೆತು ಬರುವುದರಿಂದ ಪೊಟ್ಟಣದ ಮೇಲಿನ ಎಲ್ಲ ಘಟಕಗಳನ್ನೂ ಓದಬೇಕು.

ಟ್ರೈಕೊಡರ್ಮಾ ಪುಡಿಯ ನೋಂದಣಿಗೆ ಪ್ರತಿ ಗ್ರಾಂನಲ್ಲಿ ಕನಿಷ್ಠ 20 ಲಕ್ಷ ಜೀವಂತ ಘಟಕಗಳಿರಬೇಕು. ಈ ಗುಣಮಟ್ಟದೊಡನೆ ಕಾರ್ಖಾನೆಯಿಂದ ಹೊರಟ ಸರಕು ಬೀಜೋಪಚಾರದ ಡ್ರಮ್ಮಿನಲ್ಲಿ ಸತ್ತರೆ, ದೂರು ಬರುವುದು ಮಾತ್ರ ತಯಾರಕರ ಮೇಲೆ. ಹೋಗುವುದು ಮಾರಾಟಗಾರರ ವಿಶ್ವಾಸ.

ಆದುದರಿಂದ ಸಣ್ಣ ಉದ್ದಿಮೆದಾರರು ತಮ್ಮ ತಳಿಯು ಪ್ರಚಲಿತ ಶಿಲೀಂಧ್ರನಾಶಕಗಳೊಡನೆ ಹೊಂದುವುದೇ ಎಂಬುದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಕರಪತ್ರದಲ್ಲಿ ಕನ್ನಡದಲ್ಲಿಯೇ ಮುದ್ರಿಸುವುದು ಲೇಸು. ಮಾರಾಟಗಾರರು ಎರಡನ್ನೂ ಒಂದೇ ನೀರಿನಲ್ಲಿ, ಒಂದೇ ಬೀಜಕ್ಕೆ ಬಳಸದಂತೆ ತಿಳಿಹೇಳಬೇಕು. ಕಾರ್ಬೆಂಡಜಿಮ್ ಲೇಪಿಸಿದ ಬೀಜವನ್ನೇ ಬಿತ್ತಬೇಕಾದಲ್ಲಿ, ಟ್ರೈಕೊಡರ್ಮಾವನ್ನು ಕೊಟ್ಟಿಗೆ ಗೊಬ್ಬರದಲ್ಲಿ ವೃದ್ಧಿಪಡಿಸಿ, ಬೀಜಕ್ಕೆ ತಾಗದಂತೆ ಪ್ರತ್ಯೇಕವಾಗಿ ಮಣ್ಣಿಗೆ ಸೇರಿಸಲು ಸೂಚಿಸಬಹುದು. ಒಂದು ಮಾರಾಟ ತಪ್ಪಿದರೂ ಗಿರಾಕಿ ಉಳಿಯುವನು.