ಮಳೆಯಲ್ಲೂ ಆರದ ಕಡಲು

ಕೃಷ್ಣೆಗೆ ನೆರೆ ಬಂದಾಗಲೆಲ್ಲ ಮಿರಜ, ಸಾಂಗಲಿಯ ಜನ ನೋಡುತ್ತಿದ್ದದ್ದು ಪಡುವಣ ಘಟ್ಟದತ್ತ, ಕೊಯ್ನಾ ಅಣೆಕಟ್ಟಿನತ್ತ. ಆದರೆ ಘಟ್ಟದ ಜಡಿಮಳೆಗೆ ಬಲ ತುಂಬುವ ವಾಯುಭಾರ ಕುಸಿತ ಎಷ್ಟೋ ಸಲ ಹುಟ್ಟುತ್ತಿದ್ದದ್ದು ಮೂಡಣದ ಬಂಗಾಳ ಕೊಲ್ಲಿಯಲ್ಲಿ. ಆ ಕೊಲ್ಲಿಯ ಒಂದು ಒಗಟು ಬಹುಕಾಲ ಬಿಡಿಸದೆ ಉಳಿದಿತ್ತು.

ಮೇ ತಿಂಗಳಲ್ಲಿ ಅರಬ್ಬಿ ಸಮುದ್ರವೂ ಬಂಗಾಳ ಕೊಲ್ಲಿಯೂ ಚೆನ್ನಾಗಿ ಕಾಯುತ್ತಿದ್ದವು. ಮುಂಗಾರು ಗಾಳಿ ಬೀಸಿದ್ದೇ ತಡ, ಅರಬ್ಬಿ ಸಮುದ್ರ ತಣಿಯುತ್ತಿತ್ತು, ಕೊಲ್ಲಿ ತಣಿಯುತ್ತಿರಲಿಲ್ಲ. 1984ರಲ್ಲಿ ವಿಜ್ಞಾನಿಗಳಾದ ಸುಲೋಚನಾ ಗಾಡ್ಗೀಳ್, ಪಿ. ವಿ. ಜೋಸೆಫ್, ಎನ್. ವಿ. ಜೋಶಿ ಅವರು ಕಡಲ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದಲ್ಲೇ ದಟ್ಟ ಮಳೆಮೋಡ ಕಟ್ಟುತ್ತದೆಂದು ತೋರಿಸಿದರು. ಒಗಟು ಇನ್ನೂ ಬಿಗಿಯಾಯಿತು. ಮೋಡ ಬಿಸಿಲನ್ನು ತಡೆದು, ಗಾಳಿ ನೀರನ್ನು ಕಲಕಿದ ಮೇಲೂ ಕೊಲ್ಲಿ ಆ ಗಡಿಯ ಕೆಳಗೆ ಇಳಿಯುತ್ತಿರಲಿಲ್ಲ, ಏಕೆ?

ಉಪಗ್ರಹಕ್ಕೆ ಕಾಣುತ್ತಿದ್ದದ್ದು ಕಡಲ ಮೈ ಮಾತ್ರ. ಒಳಗನ್ನು ಅರಿಯಲು ಹಡಗು ಬೇಕಿತ್ತು, ಹಡಗಿಗೆ ಹಣ ಬೇಕಿತ್ತು. ಮುಂಗಾರನ್ನು ಅಭ್ಯಸಿಸಿದ 1979ರ ಅಂತಾರಾಷ್ಟ್ರೀಯ 'ಮೊನೆಕ್ಸ್' ಪ್ರಯೋಗ ಮುಗಿದು ಇಪ್ಪತ್ತು ವರ್ಷ ಉರುಳಿದವು. ಕೊನೆಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಣ ಕೊಟ್ಟಿತು. 1999ರ ಜುಲೈಯಲ್ಲಿ ಬಂಗಾಳ ಕೊಲ್ಲಿಯ ಮುಂಗಾರು ಪ್ರಯೋಗ 'ಬಾಬ್‌ಮೆಕ್ಸ್' ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎಸ್. ಭಟ್ ಅದರ ಮುಂದಾಳುಗಳಲ್ಲೊಬ್ಬರು.

ಹಡಗುಗಳು ಸಾಮಾನ್ಯವಾಗಿ ದೂರವಿರಲು ಬಯಸುವ ಋತುವದು. ಆದರೂ ಸಂಶೋಧನಾ ಹಡಗುಗಳಾದ 'ಸಾಗರ ಕನ್ಯಾ' ಕೊಲ್ಲಿಯ ಉತ್ತರ ಭಾಗದಲ್ಲಿ, 'ಸಾಗರಧ್ವನಿ' ಅದಕ್ಕೂ ದಕ್ಷಿಣದಲ್ಲಿ ಬೀಡುಬಿಟ್ಟವು. ಹೊಯ್ದಾಡುವ ಹಡಗಿನಿಂದ ಹಗಲಿರುಳೂ ಉಪಕರಣ ಇಳಿಸಿ, ಉಪ್ಪು ಮತ್ತು ಶಾಖ ಅಳೆದು, ಮೇಲೆಳೆದು, ಮತ್ತೆ ಇಳಿಸುವುದೇ ಕೆಲಸ. ಮೊದಮೊದಲು ಒಗಟಿನ ಸುಳಿವೇ ಸಿಗಲಿಲ್ಲ. ಉತ್ತರದ ನೆಲೆಯಲ್ಲಿ ಮೇಲಿನ 30 ಮೀಟರ್ ನೀರು ಒಂದೇ ಹದದಲ್ಲಿತ್ತು.

ಆಗ ಅದೃಷ್ಟ ತೇಲಿಬಂತು. ಹಡಗು ನಿಂತಲ್ಲೇ ನಿಂತಿತ್ತು, ಅದರಡಿಯ ಕಡಲು ಬದಲಾಯಿತು. ಮೇಲ್ಪದರದ ಉಪ್ಪು ಥಟ್ಟನೆ ಇಳಿಯಿತು. ಚೆನ್ನಾಗಿ ಬೆರೆತ ಪದರ 30 ಮೀಟರಿನಿಂದ ಬರೀ 10 ಮೀಟರಿಗೆ ಕುಗ್ಗಿತು. ಬಿಸಿ ಮಾತ್ರ ಮೊದಲಿನಷ್ಟೇ ಆಳದವರೆಗೆ ಉಳಿದುಕೊಂಡಿತು. ಸಿಹಿನೀರಿನ ಪ್ರವಾಹವೊಂದು ಹಡಗಿನಡಿಯಲ್ಲೇ ಹಾದುಬಂದಿತ್ತು!

ವಿಜ್ಞಾನಿ ಪಿ. ಎನ್. ವಿನಯಚಂದ್ರನ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ವಿವರಿಸಿದರು. ಗಂಗಾ, ಬ್ರಹ್ಮಪುತ್ರದಂಥ ನದಿಗಳ ನೀರು, ಮಳೆನೀರು ಹಗುರ. ಉಪ್ಪುನೀರಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಗಾಳಿ ಎಷ್ಟೇ ಕಲಕಿದರೂ ಆಳದ ತಣ್ಣೀರು ಸುಲಭಕ್ಕೆ ಮೇಲೇರದು. ಕೊಲ್ಲಿ ಬಿಸಿಯಾಗಿಯೇ ಉಳಿದು ಮತ್ತೆ ಮೋಡ ಕಟ್ಟುತ್ತದೆ.

ಮಳೆಯ ಮುನ್ಸೂಚನೆಗೆ ಕಡಲ ಉಪ್ಪಿನ ಲೆಕ್ಕವೂ ಬೇಕೆಂದು ಹೀಗೆ ಖಚಿತವಾಯಿತು. 2016ರ ಮುಂಗಾರಿನಲ್ಲಿ 'ಸಿಂಧು ಸಾಧನಾ' ಎಂಬ ಸಂಶೋಧನಾ ಹಡಗು ಅದೇ ಕೊಲ್ಲಿಗೆ ಹೊರಟಿತು. ಅದೃಷ್ಟಕ್ಕೆ ಕಾಯಲೂ ದುಡ್ಡು ಬೇಕೆಂಬುದು ಅಷ್ಟರಲ್ಲಿ ಮನದಟ್ಟಾಗಿತ್ತು.