ಊರಿನ ಬಿಸಿಲು, ಊರಿನ ಲೆಕ್ಕ

ತುಂಗಭದ್ರೆಯ ಬಲದಂಡೆಗೆ ಹೊಂದಿಕೊಂಡ ಹೊಸಪೇಟೆ, ಹಂಪಿ, ಕಂಪ್ಲಿಗಳಿಗೂ ಅವುಗಳ ದಕ್ಷಿಣಕ್ಕೆ ಅದಿರುಬೆಟ್ಟಗಳ ನಡುವೆ ನೆಲೆಸಿರುವ ಸಂಡೂರಿಗೂ ವಿದ್ಯುತ್ ಉತ್ಪಾದನೆ ಹೊಸ ಸಂಗತಿಯಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಬುಡದಲ್ಲಿ ಒಂದು, ಅಲ್ಲಿಂದ ಹೊರಡುವ ಕಾಲುವೆಯ ಹಾದಿಯಲ್ಲಿ ಹಂಪಿಯ ಹೆಸರನ್ನೇ ಹೊತ್ತ ಇನ್ನೊಂದು, ಹೀಗೆ ತಲಾ 36 ಮೆಗಾವಾಟ್ ಸಾಮರ್ಥ್ಯದ ಎರಡು ಜಲವಿದ್ಯುದಾಗಾರಗಳು ದಶಕಗಳಿಂದ ದುಡಿಯುತ್ತಿದ್ದು, ಅವುಗಳ ಉತ್ಪನ್ನವನ್ನು ಅವಿಭಜಿತ ಆಂಧ್ರಕ್ಕೆ ನೂರಕ್ಕೆ ಎಂಬತ್ತು, ಕರ್ನಾಟಕಕ್ಕೆ ಇಪ್ಪತ್ತರಂತೆ ಹಂಚುವ ಏರ್ಪಾಡು ರೂಪುಗೊಂಡಿತು. ನೀರು ಹರಿದದ್ದು, ತಂತಿ ಹಾದದ್ದು ಊರಿನ ನೆಲದ ಮೇಲೆಯೇ ಆದರೂ ಆ ಉತ್ಪಾದನೆಯ ಲೆಕ್ಕದಲ್ಲಿ ಊರಿಗೆ ಪಾಲಿರಲಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿರುವ 2,050 ಮೆಗಾವಾಟ್‌ನ ಸೌರ ಪಾರ್ಕಿನಲ್ಲಿ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ ಕಾಲಕಾಲಕ್ಕೆ ಏರುವ ಗುತ್ತಿಗೆ ಹಣವೇನೋ ಸಿಗುತ್ತದೆ. ಆದರೆ ಅದು ನೆಲದ ಬಾಡಿಗೆಯೇ ಹೊರತು ವಿದ್ಯುತ್ತಿನಲ್ಲಿ ಪಾಲಲ್ಲ.

ಸಮುದಾಯ ಇಂಧನ ಎಂದು ಕರೆಯಲಾಗುವ ವ್ಯವಸ್ಥೆ ಹುಟ್ಟಿಕೊಂಡದ್ದು ಈ ಕೊರತೆಯನ್ನು ತುಂಬುವುದಕ್ಕಾಗಿ. ಬಿಸಿಲು, ಗಾಳಿ, ಹರಿಯುವ ನೀರು, ಸಗಣಿ, ಬೆಳೆಯ ಉಳಿಕೆ ಇವುಗಳಂತೆ ಬಳಸಿದಷ್ಟೂ ಮತ್ತೆ ಒದಗುವ ಮೂಲಗಳಿಂದ ಉತ್ಪಾದನೆ ಮಾಡುವ ಘಟಕವೊಂದನ್ನು ಗ್ರಾಮ, ಸಂಘ ಅಥವಾ ಸಹಕಾರಿಯೊಂದು ತಾನೇ ಹೊಂದಿ, ತಾನೇ ನಡೆಸಿ, ಬಂದ ಲಾಭವನ್ನೂ ತಗುಲಿದ ನಷ್ಟವನ್ನೂ ಸದಸ್ಯರಲ್ಲಿ ಹಂಚಿಕೊಳ್ಳುವ ಪದ್ಧತಿಗೆ ಆ ಹೆಸರು ಸಲ್ಲುತ್ತದೆ. ಇಂಥ ಕೆಲಸಕ್ಕೆ ಪರಿಸರ ಸಂಸ್ಥೆಗಳು ನೇಮಿಸುವ ಸಂಯೋಜಕರನ್ನು ಜನ ಸಾಮಾನ್ಯವಾಗಿ ಪ್ಯಾನಲ್ ಕೂರಿಸಲು ಬಂದವರೆಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಪ್ಯಾನಲ್ ಕೂರಿಸುವುದು ಗುತ್ತಿಗೆದಾರರ ಕೆಲವೇ ದಿನಗಳ ಕೆಲಸ. ಅದಕ್ಕೆ ಮೊದಲು ಮತ್ತು ಅನಂತರ ಯಾರು ಕೊಡಬೇಕು, ಯಾರಿಗೆ ಸಲ್ಲಬೇಕು, ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು ಎಂಬ ಪ್ರಶ್ನೆಗಳನ್ನು ಊರಿನವರೇ ಇತ್ಯರ್ಥ ಮಾಡಿಕೊಳ್ಳುವಂತೆ ನೋಡಿಕೊಳ್ಳುವುದೇ ಸಂಯೋಜಕರ ನಿಜವಾದ ಹೊಣೆ.

ಈ ಮಾತಿಗೆ ಕರ್ನಾಟಕದಲ್ಲಿಯೇ ಹಳೆಯ ಮತ್ತು ಗಟ್ಟಿಯಾದ ಆಧಾರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ, ಮುಂದೆ ‘ಅಸ್ತ್ರ ಒಲೆ’ಯಿಂದಾಗಿ ಮನೆಮಾತಾದ ‘ಅಸ್ತ್ರ’ ಕೇಂದ್ರವು ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಸಮುದಾಯ ಗೋಬರ್ ಅನಿಲ ಸ್ಥಾವರವನ್ನು ನಿರ್ಮಿಸಿತು. ಅಡುಗೆಗೆ ಅನಿಲ ಒದಗಿಸುವುದು ಮೊದಲ ಉದ್ದೇಶವಾಗಿತ್ತು. ಆದರೆ ಊರಿನ ದನಗಳ ಸಗಣಿಯಿಂದ ಎಲ್ಲ ಒಲೆಗಳಿಗೆ ಸಾಲುವಷ್ಟು ಅನಿಲ ಸಿಗಲಿಲ್ಲ, ಸೌದೆಯಾದರೋ ಜನರಿಗೆ ದುಡ್ಡು ಕೊಡದೆಯೇ ಸಿಗುತ್ತಿತ್ತು. ಹಳ್ಳಿಗರ ಮೊದಲ ಬೇಡಿಕೆ ಕುಡಿಯುವ ನೀರು ಎಂಬುದು ಮನವರಿಕೆಯಾದ ಮೇಲೆ ಯೋಜನೆಯನ್ನೇ ತಿರುಗಿಸಿ, 1987ರಿಂದ ಅದೇ ಅನಿಲವನ್ನು ಡೀಸೆಲ್ ಜೊತೆ ಬೆರೆಸಿ ಓಡುವ ಎಂಜಿನ್ನಿಗೆ ಕೊಟ್ಟು, ಕೊಳವೆಬಾವಿಯ ನೀರೆತ್ತುವುದಕ್ಕೂ ಸಂಜೆಯ ದೀಪಗಳಿಗೂ ವಿದ್ಯುತ್ ಉತ್ಪಾದಿಸಲಾಯಿತು. ಸಮೀಕ್ಷೆಯ ಹಾಳೆಗಿಂತ ಊರಿನ ಮಾತಿಗೆ ಹೆಚ್ಚು ಬೆಲೆ ಕೊಟ್ಟ ಈ ತಿರುವು ತಂತ್ರಜ್ಞಾನದ ಯಾವ ಸಾಧನೆಗೂ ಕಡಿಮೆಯದಲ್ಲ.

ಪುರದ ಸ್ವಾರಸ್ಯವಿರುವುದು ಅದರ ಲೆಕ್ಕದಲ್ಲಿ. ಸಗಣಿ ತಂದು ಹಾಕಿದವರಿಗೆ, ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಕಿಲೋಗೆ 2 ಪೈಸೆಯಂತೆ ಹಣ ಸಲ್ಲುತ್ತಿತ್ತು. ಅನಿಲ ಹೊರಬಂದ ಮೇಲೆ ಉಳಿಯುವ ಬಗ್ಗಡ ಹೊಲದ ಗೊಬ್ಬರಕ್ಕೆ ಉತ್ತಮವಾದುದರಿಂದ ಅದು ಸಗಣಿ ಕೊಟ್ಟವರಿಗೇ ಮರಳುತ್ತಿತ್ತು. ದೀಪಕ್ಕೂ ನಲ್ಲಿಗೂ ಮನೆಗಳಿಂದ ಶುಲ್ಕ ಬರುತ್ತಿತ್ತು. ಇವೆಲ್ಲದರ ಮೇಲ್ವಿಚಾರಣೆ ಊರಿನ ಗ್ರಾಮ ವಿಕಾಸ ಸಭೆಯದಾಗಿತ್ತು. ದನವಿಲ್ಲದ ಮನೆಗೂ ನೀರಿನ ಪ್ರಯೋಜನವಿದ್ದುದರಿಂದ, ದನವಿದ್ದವರ ಸಗಣಿಯನ್ನು ಊರು ಪುಕ್ಕಟೆಯಾಗಿ ಬಳಸಿಕೊಳ್ಳುತ್ತಿದೆ ಎಂಬ ದೂರಿಗೆ ಈ ಏರ್ಪಾಡು ಅವಕಾಶವನ್ನೇ ಕೊಡಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಬಿಹಾರದ ಜೆಹಾನಾಬಾದ್ ಜಿಲ್ಲೆಯ ಧರ್ನಾಯಿ. ಗ್ರೀನ್‌ಪೀಸ್ ಎಂಬ ಪರಿಸರ ಸಂಸ್ಥೆ ಇತರರ ಜೊತೆ ಸೇರಿ 2014ರಲ್ಲಿ ಅಲ್ಲಿ 100 ಕಿಲೋವಾಟ್‌ನ ಸೌರ ಮೈಕ್ರೋಗ್ರಿಡ್ ಸ್ಥಾಪಿಸಿತು. ಮೈಕ್ರೋಗ್ರಿಡ್ ಎಂದರೆ ದೊಡ್ಡ ಜಾಲವನ್ನು ಅವಲಂಬಿಸದೆ ಒಂದು ಊರಿನೊಳಗೇ ಉತ್ಪಾದನೆ ಮತ್ತು ಹಂಚಿಕೆ ನಡೆಸುವ ಚಿಕ್ಕ ಜಾಲ. ಸರ್ಕಾರಿ ಜಾಲದ ಅಗ್ಗದ ವಿದ್ಯುತ್ ಹಳ್ಳಿಗೆ ಬಂದ ಮೇಲೆ ಗಿರಾಕಿಗಳು ಕಡಿಮೆಯಾದರು, ಬ್ಯಾಟರಿಗಳು ಸತ್ತವು, ಕೊನೆಗೆ ಆ ಜಾಗ ದನ ಕಟ್ಟುವುದಕ್ಕೆ ಬಳಕೆಯಾಯಿತು.

ಹೊಸಪೇಟೆ ಸೀಮೆಯಲ್ಲಂತೂ ಧರ್ನಾಯಿಯ ಸಮಸ್ಯೆ ಮೊದಲ ದಿನದಿಂದಲೇ ಎದುರಾಗುತ್ತದೆ. 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಕರೆಂಟು ಉಚಿತ. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿಯಿಂದಾಗಿ ಸರಾಸರಿ ಬಳಕೆಯ ಲೆಕ್ಕದಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಮನೆಗಳಿಗೂ ಉಚಿತ. ಬಿಲ್ಲೇ ಬಾರದ ಮನೆಯವರಿಗೆ ಬಿಲ್ ಉಳಿತಾಯದ ಮಾತು ರುಚಿಸುವುದಾದರೂ ಹೇಗೆ? 2024ರಲ್ಲಿ ಘೋಷಣೆಯಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವಾಟ್‌ನ ಮನೆಚಾವಣಿ ಘಟಕಕ್ಕೆ 78,000 ರೂಪಾಯಿ ಸಹಾಯಧನ ಕೊಟ್ಟರೂ ಅದರ ಆಕರ್ಷಣೆ ಹೆಚ್ಚಾಗಿ ಗೃಹಜ್ಯೋತಿಯ ಮಿತಿ ಮೀರುವ ಮನೆಗಳಿಗೇ ಸೀಮಿತ. ಆದುದರಿಂದ ಸಂಯೋಜಕರು ಮೊದಲು ಕಣ್ಣು ಹಾಯಿಸಬೇಕಾದದ್ದು ಉಚಿತದ ಹೊರಗೆ ಉಳಿದ ಬಳಕೆಯತ್ತ: ಗ್ರಾಮ ಪಂಚಾಯಿತಿಯ ನೀರಿನ ಪಂಪು ಮತ್ತು ಬೀದಿದೀಪ, ಶಾಲೆ, ಹಾಸ್ಟೆಲ್, ಆರೋಗ್ಯ ಕೇಂದ್ರ, ಹಾಲಿನ ಡೇರಿ, ಹಿಟ್ಟಿನ ಗಿರಣಿ. ಒಂದು ಕಿಲೋವಾಟ್ ಘಟಕಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕಾಗುತ್ತದೆ ಮತ್ತು ಅದು ಈ ಬಯಲುಸೀಮೆಯಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ ಎಂದಿಟ್ಟುಕೊಂಡರೆ, 10 ಕಿಲೋವಾಟ್ ಹೊತ್ತ ಶಾಲೆಯ ಚಾವಣಿ ತಿಂಗಳಿಗೆ 1,200 ಯೂನಿಟ್‌ನಷ್ಟು ಕೊಡಬಲ್ಲದು. ಆ ಶಾಲೆಗೆ ಅಷ್ಟು ಬೇಡ. ಒಂದೆಡೆ ಉತ್ಪಾದನೆಯಾದದ್ದನ್ನು ಹಲವು ಗ್ರಾಹಕರ ಬಿಲ್ಲುಗಳಲ್ಲಿ ಕಳೆಯುವ ವರ್ಚುವಲ್ ನೆಟ್ ಮೀಟರಿಂಗ್ ಪದ್ಧತಿಗೆ ದೆಹಲಿಯಲ್ಲಿ 2019ರಲ್ಲೇ ನಿಯಮಗಳು ರೂಪುಗೊಂಡದ್ದು ಇಂಥ ಹೆಚ್ಚುವರಿಯನ್ನು ಸದುಪಯೋಗಪಡಿಸಿಕೊಳ್ಳುವುದಕ್ಕಾಗಿಯೇ.

ಸಂಡೂರಿನ ಸ್ಥಿತಿ ಬೇರೆ. ಅಲ್ಲಿ ಹಣದ ಮೂಲ ನೆಲದೊಳಗೇ ಇದೆ. ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ತಡೆಹಿಡಿದ ಮೇಲೆ, ಗಣಿಬಾಧಿತ ಪ್ರದೇಶದ ಪುನರುಜ್ಜೀವನಕ್ಕೆಂದೇ ಹಣ ಮೀಸಲಾಗಿ, ಅದರ ಬಳಕೆಗೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಅಸ್ತಿತ್ವಕ್ಕೆ ಬಂತು. ಇದಲ್ಲದೆ 2015ರ ಗಣಿ ಕಾಯ್ದೆಯ ತಿದ್ದುಪಡಿಯಂತೆ ರಚನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಅದರ ಶೇ. 10ರಿಂದ 30ರಷ್ಟು ಮೊತ್ತವನ್ನು ತುಂಬಬೇಕಾಗುತ್ತದೆ. ಈ ಹಣದ ಬಹುಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತಾ ವಲಯಗಳಿಗೆ ಮೀಸಲಾದರೂ ಉಳಿದ ಭಾಗದಲ್ಲಿ ಇಂಧನ ಮತ್ತು ಜಲಾನಯನ ಅಭಿವೃದ್ಧಿಯ ಹೆಸರೂ ಇದೆ ಎಂಬುದನ್ನು ಬಹಳ ಪಂಚಾಯಿತಿಗಳು ಗಮನಿಸಿದಂತಿಲ್ಲ. ಅದಿರು ಲಾರಿಗಳ ಕೆಂಪು ದೂಳು ಪ್ಯಾನಲ್‌ಗಳ ಮೇಲೆ ಕೂತು ಉತ್ಪಾದನೆಯನ್ನು ಕುಗ್ಗಿಸುವುದರಿಂದ, ಇಲ್ಲಿನ ಅಂದಾಜುಪಟ್ಟಿಯಲ್ಲಿ ತೊಳೆಯುವ ನೀರು ಮತ್ತು ತೊಳೆಯುವವರ ಕೂಲಿ ಎರಡೂ ಸೇರಿರಬೇಕು. ಕಚೇರಿಯಲ್ಲಿ ಕೂತು ಬರೆದ ಯೋಜನಾ ವರದಿಗಳಲ್ಲಿ ಸುಲಭವಾಗಿ ಬಿಟ್ಟುಹೋಗುವ ಬಾಬು ಇದೇ.

ಹಂಪಿಯಲ್ಲಿ ಹಣಕ್ಕಿಂತ ಮೊದಲು ಅನುಮತಿ ಬೇಕು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯವೂ ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯವೂ ಇರುವುದರಿಂದ, ಸ್ಮಾರಕಗಳು ಒತ್ತೊತ್ತಾಗಿರುವ ಈ ಬಂಡೆಗಳ ನಾಡಿನಲ್ಲಿ ಒಂದು ಕಂಬ ನೆಡುವುದಕ್ಕೂ ಪುರಾತತ್ವ ಇಲಾಖೆಯ ಜೊತೆಗೆ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಮುಂದೆಯೂ ಅರ್ಜಿ ಇಡಬೇಕಾದೀತು. ಆನೆಗುಂದಿ ಸೇತುವೆಯ ಕಾಮಗಾರಿಯ ಕಾರಣಕ್ಕೆ ಹಂಪಿ 1999ರಲ್ಲಿ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿ 2006ರವರೆಗೂ ಅಲ್ಲೇ ಉಳಿಯಿತು ಎಂಬ ಚರಿತ್ರೆಯ ಹಿನ್ನೆಲೆಯಲ್ಲಿ ಅಧಿಕಾರಿಗಳ ಎಚ್ಚರಿಕೆಯನ್ನು ಹಟಮಾರಿತನವೆನ್ನಲಾಗದು. ಸ್ಮಾರಕಗಳಿಂದ ದೂರದ ಕಟ್ಟಡಗಳ ಚಾವಣಿಯಲ್ಲಿ ಉತ್ಪಾದನೆ ಮಾಡುವುದೇ ಇಲ್ಲಿ ಸೂಕ್ತ.

ಕಂಪ್ಲಿಯ ಗದ್ದೆಬಯಲಿನಲ್ಲಿ ಪ್ರಶ್ನೆ ಪಂಪಿನದು. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ನೆರವಿನಿಂದ ಆರು ರೈತರು ಸೌರ ಪಂಪುಗಳ ಸಹಕಾರಿ ಕಟ್ಟಿ, ನೀರೆತ್ತಿ ಉಳಿದ ವಿದ್ಯುತ್ತನ್ನು 2016ರಿಂದ ಯೂನಿಟ್‌ಗೆ 4 ರೂಪಾಯಿ 63 ಪೈಸೆಯಂತೆ ವಿದ್ಯುತ್ ಕಂಪನಿಗೆ ಮಾರತೊಡಗಿದರು. ಮಾರಿದರೆ ಕಾಸು ಬರುವುದರಿಂದ ನೀರನ್ನು ಅನಗತ್ಯವಾಗಿ ಎತ್ತುವ ಚಾಳಿಗೂ ಕಡಿವಾಣ ಬೀಳುತ್ತದೆ ಎಂಬುದು ಅದರ ಹಿಂದಿನ ತರ್ಕ. 2019ರ ಪಿಎಂ ಕುಸುಮ್ ಯೋಜನೆ ರೈತರಿಗೂ ಸಹಕಾರಿಗಳಿಗೂ ಪಂಚಾಯಿತಿಗಳಿಗೂ ಸಬ್‌ಸ್ಟೇಷನ್ನಿನ ಸಮೀಪ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಘಟಕಕ್ಕೆ ಅವಕಾಶ ಕೊಟ್ಟಿದೆ. ಆದರೆ ನೀರಾವರಿ ಗದ್ದೆಯನ್ನು ಪ್ಯಾನಲ್‌ಗೆ ಬಿಟ್ಟುಕೊಡುವುದು ಅವಿವೇಕವಾದುದರಿಂದ, ಕಾಲುವೆಯ ನೀರು ಏರದ ಮರಡಿ ನೆಲವನ್ನು ಗುರುತಿಸಿ, ಪಹಣಿಯಲ್ಲಿ ಯಾರ ಹೆಸರಿದೆಯೆಂದು ನೋಡಿ, ಸಬ್‌ಸ್ಟೇಷನ್ನಿನ ಸಾಮರ್ಥ್ಯವನ್ನು ಈ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂನಿಂದ ಖಚಿತಪಡಿಸಿಕೊಂಡು, ಅನಂತರವೇ ಗ್ರಾಮಸಭೆಯ ಠರಾವಿಗೆ ಹೋಗುವುದು ಸರಿಯಾದ ಕ್ರಮ.

ಒಡೆತನದ ರೂಪಕ್ಕೂ ನಾಡಿನಲ್ಲೇ ಮಾದರಿಯಿದೆ. ಬೆಳಗಾವಿ ಜಿಲ್ಲೆಯಲ್ಲಿ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಂದಿಗೂ ತಾಲ್ಲೂಕಿಗೆ ವಿದ್ಯುತ್ ಹಂಚುತ್ತಿದೆ. ಅದರ ಆಡಳಿತ ಮಂಡಳಿಯ ಚುನಾವಣೆಗೆ ಬರುವ ರಾಜಕೀಯದ ಬಿಸಿಯೇ ಸದಸ್ಯತ್ವಕ್ಕಿರುವ ಬೆಲೆಯನ್ನು ತೋರಿಸುತ್ತದೆ. 2003ರ ವಿದ್ಯುತ್ ಕಾಯ್ದೆ ಉತ್ಪಾದನೆಗೆ ಲೈಸೆನ್ಸ್ ಬೇಡವೆಂದಿದ್ದರೂ ಹಂಚಿಕೆಗೆ ಸಾಮಾನ್ಯವಾಗಿ ಬೇಕೆನ್ನುವುದರಿಂದ, ಹೊಸ ಸಂಘಗಳು ಉತ್ಪಾದಿಸಿ ಜೆಸ್ಕಾಂಗೆ ಮಾರುವ ದಾರಿ ಹಿಡಿಯುವುದು ಸುಲಭ. ಆ ಮಾರಾಟದ ಹಣದಲ್ಲಿ ಒಂದಂಶವನ್ನು ಮೊದಲ ತಿಂಗಳಿಂದಲೇ ಇಬ್ಬರ ಸಹಿಯಿರುವ ಬ್ಯಾಂಕ್ ಖಾತೆಯಲ್ಲಿ ಕೂಡಿಡಬೇಕಾಗುತ್ತದೆ. ಏಕೆಂದರೆ ಪ್ಯಾನಲ್ ಇಪ್ಪತ್ತೈದು ವರ್ಷ ಬಾಳಿದರೂ ಇನ್ವರ್ಟರ್ ಹತ್ತು ಹನ್ನೆರಡು ವರ್ಷಕ್ಕೆ ಬದಲಾಗಲೇಬೇಕು, ಆ ಹೊತ್ತಿಗೆ ದಾನಿಗಳ ಅನುದಾನವೂ ಸಂಯೋಜಕರ ಹುದ್ದೆಯೂ ಮುಗಿದು ಬಹುಕಾಲವಾಗಿರುತ್ತದೆ.