ಚಳಿಜ್ವರಕ್ಕೆ ಎಲೆ ಕಷಾಯ ಸಾಕೇ?

ದಾವಣಗೆರೆ, ಹರಿಹರದ ಕಡೆ ಚಳಿಜ್ವರ ಬಂತೆಂದರೆ ಎಷ್ಟೋ ಮನೆಗಳಲ್ಲಿ ಮೊದಲು ಒಲೆಗೇರುವುದು ಕಷಾಯ. ಅಮೃತಬಳ್ಳಿ, ತುಳಸಿ, ನೆಲಬೇವಿನ ಎಲೆಗಳ ಜೊತೆಗೆ ಕುಟ್ಟಿದ ಮೆಣಸು, ಜೀರಿಗೆ, ಶುಂಠಿ ಹಾಕಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವಷ್ಟು ಕುದಿಸಿ ಸೋಸುತ್ತಾರೆ. ಬೆವರಿ ಬಸವಳಿದ ಮೈಗೆ ಅದು ಹಿತವೇ. ಆದರೆ ಬಂದಿರುವುದು ಮಲೇರಿಯಾ ಆದರೆ ಕಷಾಯಕ್ಕೆ ಹೋಗುವುದಿಲ್ಲ.

ಅನಾಫಿಲಿಸ್ ಹೆಣ್ಣು ಸೊಳ್ಳೆ ಕಚ್ಚಿದಾಗ ಒಳಸೇರುವ ರೋಗಾಣು ಮೊದಲು ಯಕೃತ್ತಿನಲ್ಲಿ ಬೆಳೆದು, ಬಳಿಕ ಕೆಂಪು ರಕ್ತಕಣಗಳಿಗೆ ನುಗ್ಗುತ್ತದೆ. ವೈವಾಕ್ಸ್ ಮಲೇರಿಯಾದಲ್ಲಿ ಸುಮಾರು 48 ಗಂಟೆಗೊಮ್ಮೆ ಆ ಕಣಗಳು ಒಡೆಯುತ್ತವೆ. ಆಗ ನಡುಕ, ಜ್ವರ, ಕೊನೆಗೆ ಬೆವರು. ನಡುವಿನ ದಿನ ರೋಗಿ ಎದ್ದು ಓಡಾಡುತ್ತಾರೆ. ರಾತ್ರಿ ಕುಡಿಸಿದ ಕಷಾಯವೇ ವಾಸಿ ಮಾಡಿತೆಂದು ಮನೆಯವರು ನಂಬುವುದು ಆ ದಿನವೇ. ಮರುದಿನ ಚಳಿ ಮತ್ತೆ ಹಿಡಿಯುತ್ತದೆ.

ಎಲೆಯಲ್ಲಿ ಮದ್ದೇ ಇಲ್ಲವೆಂದಲ್ಲ. ಚೀನಾದ ವಿಜ್ಞಾನಿ ಟು ಯುಯು 1970ರ ದಶಕದಲ್ಲಿ ಆರ್ಟಿಮಿಸಿಯಾ ಗಿಡದಿಂದ ಆರ್ಟಿಮಿಸಿನಿನ್ ತೆಗೆದರು. 2015ರಲ್ಲಿ ನೊಬೆಲ್ ಪಡೆದರು. ಕುದಿಸಿದರೆ ಸತ್ವ ಕೆಡಬಹುದೆಂದು ಅವರು ಕಡಿಮೆ ಕಾವಿನಲ್ಲಿ, ಈಥರ್ ಬಳಸಿ ಅದನ್ನು ಬೇರ್ಪಡಿಸಿದ್ದರು. ಅದೇ ಗಿಡದ ಚಹಾವನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾಕ್ಕೆ ಒಪ್ಪುವುದಿಲ್ಲ. ಯಾವ ಲೋಟಕ್ಕೆ ಎಷ್ಟು ಮದ್ದು ಇಳಿಯಿತೆಂದು ಹೇಳಲಾಗದು; ಅರೆಬರೆ ಪ್ರಮಾಣಕ್ಕೆ ರೋಗಾಣು ಸಾಯದೆ, ಮದ್ದಿಗೇ ಒಗ್ಗಿಕೊಳ್ಳುವ ಅಪಾಯವಿದೆ. ನಮ್ಮ ದೇಶದಲ್ಲೇ ಮಲೇರಿಯಾಕ್ಕೆಂದು ರೂಪಿಸಿದ ಆಯುಷ್-64 ಎಂಬ ಆಯುರ್ವೇದ ಗುಳಿಗೆಯನ್ನು ಕ್ಲೋರೋಕ್ವಿನ್ ಔಷಧದ ಜೊತೆ ಹೋಲಿಸಿ ನೋಡಿದಾಗ, 28ನೇ ದಿನಕ್ಕೆ ಗುಣವಾಗಿದ್ದವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ಕ್ಲೋರೋಕ್ವಿನ್ ಪಡೆದವರೆಲ್ಲ ಗುಣವಾಗಿದ್ದರು.

ಆದ್ದರಿಂದ ನಡುಕದ ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಹರಿಹರದ ಸರ್ಕಾರಿ ಆಸ್ಪತ್ರೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಶಾ ಕಾರ್ಯಕರ್ತೆಗೂ ತಿಳಿಸಿ. ಸರ್ಕಾರಿ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ದಪ್ಪ ಹನಿಯೊಂದು, ತೆಳುವಾಗಿ ಎಳೆದ ಹನಿಯೊಂದು ತೆಗೆಯುತ್ತಾರೆ. ದಪ್ಪದ್ದರಲ್ಲಿ ರೋಗಾಣು ಇದೆಯೇ ಎಂದೂ ತೆಳುವಿನಲ್ಲಿ ಅದು ಯಾವ ಬಗೆಯದೆಂದೂ ತಿಳಿಯುತ್ತದೆ.

ವೈವಾಕ್ಸ್ ಆದರೆ ಮೂರು ದಿನ ಕ್ಲೋರೋಕ್ವಿನ್. ಯಕೃತ್ತಿನಲ್ಲಿ ಅಡಗಿದ ರೋಗಾಣುವಿಗಾಗಿ 14 ದಿನ ಪ್ರೈಮಾಕ್ವಿನ್. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಪ್ರೈಮಾಕ್ವಿನ್ ಕೊಡುವಂತಿಲ್ಲ. ಫಾಲ್ಸಿಪಾರಂ ಆದರೆ ಆರ್ಟಿಮಿಸಿನಿನ್ ವರ್ಗದ ಸಂಯುಕ್ತ ಔಷಧ. ಪ್ರಜ್ಞೆ ಮಸುಕಾದರೆ, ಫಿಟ್ಸ್ ಬಂದರೆ, ಮೂತ್ರ ಕಪ್ಪಾದರೆ ಒಂದು ಗಳಿಗೆಯೂ ಕಾಯಬೇಡಿ.

ಕಷಾಯ ಕುಡಿಯುತ್ತಿದ್ದರೆ ವೈದ್ಯರಿಗೆ ಹೇಳಿ. ಜ್ವರ ಬಿಟ್ಟಿತೆಂದು ಗುಳಿಗೆ ಮಾತ್ರ ನಡುವೆ ಬಿಡಬೇಡಿ. ಅಡಗಿ ಉಳಿದ ರೋಗಾಣು ತಿಂಗಳುಗಳ ಮೇಲೂ ಚಳಿಜ್ವರ ಮರಳಿ ತರಬಲ್ಲದು.